ಎಲ್ಲದಕ್ಕೂ ‘ವೈ’ ಒತ್ತುವ ಮುನ್ನ

ಕಳೆದ ತಿಂಗಳು ನಮ್ಮ ಕಾಲೇಜಿನ ಬುಕ್ ಬ್ಯಾಂಕ್ ನಾಲ್ಕು ದಿನ ಮುಚ್ಚಿತ್ತು. ‘ವಿದ್ಯುತ್ ಕಡಿತದಿಂದ ಸರ್ವರ್ ಕೆಟ್ಟಿದೆ, ದಯವಿಟ್ಟು ಸಹಕರಿಸಿ’ ಎಂದು ನೋಟಿಸ್ ಬೋರ್ಡಿನಲ್ಲಿ ಚೀಟಿ ಅಂಟಿಸಿದವನು ನಾನೇ. ಆ ಚೀಟಿಯಲ್ಲಿದ್ದದ್ದು ಅರ್ಧ ಸತ್ಯ. ಸರ್ವರ್ ಕೆಟ್ಟದ್ದು ಹಳೆಯ ಹಾರ್ಡ್ ಡಿಸ್ಕಿನಿಂದ. ಆದರೆ 34 ವಿದ್ಯಾರ್ಥಿಗಳ ಠೇವಣಿ ದಾಖಲೆ ಕಾಣೆಯಾದದ್ದು ಅದನ್ನು ಸರಿಪಡಿಸಲು ಹೊರಟ ನನ್ನಿಂದ. ಈ ವಿಷಯವನ್ನು ಪ್ರಿನ್ಸಿಪಾಲರ ಬಳಿಯೂ ಲ್ಯಾಬಿನ ಸರ್ ಬಳಿಯೂ ಹೇಳಿಕೊಂಡಿದ್ದೇನೆ. ‘ನಮ್ಮಿಬ್ಬರಿಗೆ ಹೇಳಿದರೆ ಸಾಲದು, ಪತ್ರಿಕೆಗೆ ಬರೆ, ಮುಂದಿನ ಬ್ಯಾಚಿನವರಿಗೆ ಉಪಯೋಗವಾಗಲಿ’ ಎಂದು ಸರ್ ಹೇಳಿದ್ದರಿಂದ ಬರೆಯುತ್ತಿದ್ದೇನೆ. ತಪ್ಪೊಪ್ಪಿಗೆಯ ಜೊತೆಗೆ ನನ್ನದೊಂದು ಅಭಿಪ್ರಾಯವೂ ಇದೆ. ಯಂತ್ರ ಕೆಟ್ಟಾಗ ನಮ್ಮ ಮೊದಲ ಕರ್ತವ್ಯ ಅದನ್ನು ಸರಿಪಡಿಸುವುದಲ್ಲ, ಕೈ ತಡೆದು ನಿಲ್ಲುವುದು.

ಬುಕ್ ಬ್ಯಾಂಕ್ ಬಗ್ಗೆ ಹೊಸಬರಿಗೆ ಒಂದು ಮಾತು. ಜೂನ್‌ನಲ್ಲಿ 500 ರೂಪಾಯಿ ಠೇವಣಿ ಕಟ್ಟಿದರೆ ಆ ವರ್ಷದ ಪಠ್ಯಪುಸ್ತಕಗಳ ಒಂದು ಸೆಟ್ ಸಿಗುತ್ತದೆ. ಪರೀಕ್ಷೆ ಮುಗಿದ ಮೇಲೆ ಪುಸ್ತಕ ಮರಳಿಸಿದರೆ ಹಣವೂ ಮರಳುತ್ತದೆ. ಮೊದಲು ಇದಕ್ಕೆಲ್ಲ ಒಂದು ದಪ್ಪ ನೋಟ್‌ಬುಕ್ ಇತ್ತಂತೆ. ಎರಡು ವರ್ಷದ ಹಿಂದೆ ಸೀನಿಯರ್‌ಗಳು ಪ್ರಾಜೆಕ್ಟಿಗಾಗಿ ಒಂದು ಪ್ರೋಗ್ರಾಂ ಬರೆದರು. ಲ್ಯಾಬಿನ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಉಬುಂಟು ಹಾಕಿ, ಮೈಎಸ್‌ಕ್ಯೂಎಲ್ ಡೇಟಾಬೇಸ್ ಕೂರಿಸಿ, ಅದಕ್ಕೆ ಸರ್ವರ್ ಎಂದು ಹೆಸರಿಟ್ಟರು. ನೋಟ್‌ಬುಕ್ ನಿಂತಿತು, ರಸೀದಿ ಪುಸ್ತಕವೂ ನಿಂತಿತು. ‘ಕಂಪ್ಯೂಟರಿನಲ್ಲಿ ಇದೆಯಲ್ಲ’ ಎಂಬುದು ನಮ್ಮೆಲ್ಲರ ಉತ್ತರವಾಯಿತು. ಈ ವರ್ಷ ಅದನ್ನು ನೋಡಿಕೊಳ್ಳುವ ಜವಾಬ್ದಾರಿ ನನಗೆ ಬಂತು.

ಒಂದು ಶನಿವಾರ ಸಂಜೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಬಹಳ ದಿನವಾಗಿತ್ತು, ಅದು ಬೀಪ್ ಎನ್ನುವುದಕ್ಕಷ್ಟೇ ಉಳಿದಿತ್ತು. ಸೋಮವಾರ ಬೆಳಿಗ್ಗೆ ಪುಸ್ತಕ ಕೊಡಲು ಕೂತರೆ ಯಾವ ಹೆಸರೂ ಸೇವ್ ಆಗುತ್ತಿಲ್ಲ. ಫೈಲ್ ಸಿಸ್ಟಮ್ ಓದುವುದಕ್ಕೆ ಮಾತ್ರ ಇದೆ, ಬರೆಯಲಾಗದು ಎಂಬ ಸಂದೇಶ. ಹೊರಗೆ ಇಪ್ಪತ್ತು ಮಂದಿಯ ಸಾಲು. ನನಗೆ ಆ ಸಂದೇಶವೇ ರೋಗ ಎನಿಸಿತು. ನಿಜಕ್ಕೂ ಅದು ರೋಗವಲ್ಲ, ರಕ್ಷಣೆ. ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಸುವ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್ ತನ್ನ ಲೆಕ್ಕದಲ್ಲಿ ಏನೋ ತಪ್ಪಿದೆ ಎಂದು ಕಂಡಾಗ ಬರೆಯುವುದನ್ನು ನಿಲ್ಲಿಸಿ, ಓದುವುದಕ್ಕಷ್ಟೇ ಅವಕಾಶ ಕೊಡುವಂತೆ ಹೊಂದಿಸಬಹುದು. ನಮ್ಮ ಸೀನಿಯರ್‌ಗಳು ಹಾಗೆ ಹೊಂದಿಸಿದ್ದರು. ‘ಇನ್ನು ಮುಂದೆ ಒಂದಕ್ಷರ ಬರೆದರೂ ಹಾನಿ ಹೆಚ್ಚಾದೀತು, ತಡೆ’ ಎಂದು ಯಂತ್ರ ಕೈ ಅಡ್ಡ ಹಿಡಿದಿತ್ತು. ನಾನು ಆ ಕೈಯನ್ನು ಸರಿಸಿ ಒಳಗೆ ಹೋದೆ.

ಮೊದಲು ರೀಸ್ಟಾರ್ಟ್ ಮಾಡಿದೆ. ಫಲವಿಲ್ಲ. ಮೊಬೈಲಿನಲ್ಲಿ ಹುಡುಕಿದೆ. ಡೇಟಾಬೇಸ್ ನಿಲ್ಲಿಸಿ, ಡಿಸ್ಕಿನ ಆ ಭಾಗವನ್ನು ಅನ್‌ಮೌಂಟ್ ಮಾಡಿ, ಎಫ್‌ಎಸ್‌ಸಿಕೆ ಎಂಬ ತಪಾಸಣೆಯ ಆಜ್ಞೆ ಕೊಡಬೇಕು ಎಂದಿತ್ತು. ಜೊತೆಗೆ ‘ವೈ’ ಎಂಬ ಒಂದಕ್ಷರ ಸೇರಿಸಿದರೆ ಅದು ಕೇಳುವ ಎಲ್ಲ ಪ್ರಶ್ನೆಗಳಿಗೂ ‘ಹೌದು’ ಎಂದು ತಾನೇ ಉತ್ತರಿಸಿಕೊಳ್ಳುತ್ತದೆ. ಸಾಲು ಉದ್ದವಿತ್ತು, ನಾನು ‘ವೈ’ ಸೇರಿಸಿದೆ. ಪರದೆಯ ಮೇಲೆ ನೂರಾರು ಸಾಲುಗಳು ಓಡಿದವು. ಕೊನೆಗೆ ಫೈಲ್ ಸಿಸ್ಟಮ್ ಮಾರ್ಪಾಡಾಗಿದೆ ಎಂಬ ಸಾಲು ಬಂತು. ಸಂತೋಷದಿಂದ ಮೈಎಸ್‌ಕ್ಯೂಎಲ್ ಶುರು ಮಾಡಿದರೆ ಅದು ಏಳಲಿಲ್ಲ. ಮತ್ತೆ ಹುಡುಕಿದೆ. ಇನ್ನೋಡಿಬಿಗೆ ‘ಬಲವಂತದ ಚೇತರಿಕೆ’ ಎಂಬ ಒಂದು ಸೆಟ್ಟಿಂಗ್ ಇದೆ, 1ರಿಂದ 6ರವರೆಗೆ. ದೊಡ್ಡ ಸಂಖ್ಯೆಯೇ ಒಳ್ಳೆಯದಿರಬೇಕೆಂದು ನೇರ 6 ಹಾಕಿದೆ. ಎದ್ದಿತು! ಇದ್ದಷ್ಟನ್ನು ಡಂಪ್ ಮಾಡಿ ಬೇರೆ ಕಂಪ್ಯೂಟರಿಗೆ ಹಾಕಿದೆ. ನಾಲ್ಕನೇ ದಿನ ಝುಹರ್ ನಮಾಝಿನ ಬಿಡುವಿನೊಳಗೆ ಬುಕ್ ಬ್ಯಾಂಕ್ ತೆರೆಯಿತು. ಗೆಳೆಯರು ಬೆನ್ನು ತಟ್ಟಿದರು.

ಎರಡು ದಿನ ಕಳೆದು ಪ್ರಥಮ ಪಿಯುಸಿಯ ಒಬ್ಬಳು ವಿದ್ಯಾರ್ಥಿನಿ ಟಿಸಿ ತೆಗೆದುಕೊಂಡು ಬೇರೆ ಊರಿಗೆ ಹೋಗುವವಳು, ಪುಸ್ತಕ ಮರಳಿಸಿ ಠೇವಣಿ ಕೇಳಲು ಬಂದಳು. ಕಂಪ್ಯೂಟರಿನಲ್ಲಿ ಅವಳ ಠೇವಣಿ ಇಲ್ಲ. ‘ರಸೀದಿ ಇದೆಯಾ?’ ಎಂದೆ. ‘ಯಾರೂ ರಸೀದಿ ಕೊಡಲಿಲ್ಲ ಅಣ್ಣ’ ಎಂದಳು. ‘ಸಿಸ್ಟಮ್‌ನಲ್ಲಿ ಇಲ್ಲವಲ್ಲಮ್ಮ’ ಎಂದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, ‘ಬಾಕಿ ಅಂತ ಟಿಸಿ ತಡೆಯಬೇಡಿ ಅಣ್ಣ, ಬೇಕಾದರೆ ನಾಳೆ ಇನ್ನೊಂದು ಸಲ ಕಟ್ಟುತ್ತೇನೆ’ ಎಂದಳು.

ಹಣ ವಾಪಸ್ ಕೇಳಲು ಬಂದವಳು ಮತ್ತೆ ಹಣ ಕಟ್ಟುತ್ತೇನೆ ಎಂದು ಹೇಳುವಂತೆ ಮಾಡಿದ್ದೆ. ಆ ಸಂಜೆಯೇ ಲ್ಯಾಬಿನ ಸರ್ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. ‘ಒಂಟೆ ಕಟ್ಟಿದ್ದೆಯಾ?’ ಎಂದಷ್ಟೇ ಕೇಳಿದರು. ಮೊದಲು ಒಂಟೆಯನ್ನು ಕಟ್ಟು, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡು ಎಂಬ ಪ್ರವಾದಿವರ್ಯರ ಬೋಧನೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. ಏನನ್ನೂ ಮುಟ್ಟುವ ಮೊದಲು ಡಿಸ್ಕಿನ ಪ್ರತಿ ತೆಗೆದಿದ್ದೆಯಾ ಎಂಬುದು ಅವರ ಪ್ರಶ್ನೆ. ತೆಗೆದಿರಲಿಲ್ಲ.

ಆಮೇಲೆ ಇಬ್ಬರೂ ಕೂತು ಕರ್ನಲ್ ಲಾಗ್ ಓದಿದೆವು. ಸೋಮವಾರವೇ ಓದಿದ್ದರೆ ಹತ್ತು ನಿಮಿಷದ ಕೆಲಸ. ಅದರಲ್ಲಿ ಎರಡು ಬಗೆಯ ಸಾಲುಗಳಿದ್ದವು. ಒಂದು, ಇಎಕ್ಸ್‌ಟಿ4 ತನ್ನ ಲೆಕ್ಕ ತಪ್ಪಿದೆ ಎಂದು ಹೇಳುವ ಸಾಲು. ಅದಕ್ಕೂ ಮೇಲೆ, ಅಂದರೆ ಅದಕ್ಕೂ ಮೊದಲು, ಇಂಥ ಸಂಖ್ಯೆಯ ಸೆಕ್ಟರ್ ಓದಲಾಗುತ್ತಿಲ್ಲ ಎಂಬ ಐ/ಓ ಎರರ್. ಎರಡರ ವ್ಯತ್ಯಾಸ ದೊಡ್ಡದು. ಮೊದಲನೆಯದು ಮಾತ್ರ ಇದ್ದರೆ ಬರವಣಿಗೆಯಲ್ಲಿ ದೋಷ. ಎರಡನೆಯದೂ ಇದ್ದರೆ ಕಾಗದವೇ ಹರಿಯುತ್ತಿದೆ ಎಂದರ್ಥ. ಡಿಸ್ಕಿನ ಸ್ಮಾರ್ಟ್ ವರದಿ ತೆಗೆದಾಗ ಖಚಿತವಾಯಿತು. 197ನೇ ಸಾಲಿನಲ್ಲಿ, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆ ಸೊನ್ನೆ ಇರಬೇಕಾದ ಕಡೆ, ಏರುತ್ತಾ ಹೋಗುತ್ತಿತ್ತು. ಅದೇ ವರದಿಯ 199ನೇ ಸಾಲು ಏರಿದ್ದರೆ ಡಿಸ್ಕಿಗಿಂತ ಮೊದಲು ಕೇಬಲ್ ಮೇಲೆ ಅನುಮಾನಪಡಬೇಕು ಎಂದು ಸರ್ ಹೇಳಿಕೊಟ್ಟರು. ಕೆಲವೊಮ್ಮೆ ಸಡಿಲವಾದ ಒಂದು ಕೇಬಲ್ ಕೂಡ ಫೈಲ್ ಸಿಸ್ಟಮ್ ಕೆಟ್ಟಂತೆ ನಟಿಸುತ್ತದೆ.

ಹರಿಯುತ್ತಿರುವ ಕಾಗದದ ಮೇಲೆ ನಾನು ತಿದ್ದುಪಡಿ ಬರೆಸಿದ್ದೆ. ತಪಾಸಣೆಯ ವೇಳೆ ಓದಲಾಗದ ಬ್ಲಾಕ್ ಎದುರಾದರೆ ಎಫ್‌ಎಸ್‌ಸಿಕೆ ಎರಡು ಪ್ರಶ್ನೆ ಕೇಳುತ್ತದೆ. ಈ ದೋಷವನ್ನು ಕಡೆಗಣಿಸಲೇ? ಆ ಜಾಗದ ಮೇಲೆ ಬಲವಂತವಾಗಿ ಬರೆಯಲೇ? ಈ ಎರಡು ಪ್ರಶ್ನೆ ಮನುಷ್ಯನನ್ನು ಕೇಳುವುದಕ್ಕೆ ಕಾರಣವಿದೆ. ಇವತ್ತು ಓದಲಾಗದ ಬ್ಲಾಕ್ ಎರಡನೇ ಸಲಕ್ಕೋ ಹತ್ತನೇ ಸಲಕ್ಕೋ ಓದಲು ಸಿಕ್ಕೀತು. ಮೇಲೆ ಬರೆದ ನಂತರ ಎಂದಿಗೂ ಸಿಗದು. ನಾನು ಪ್ರಶ್ನೆ ಬರುವ ಮೊದಲೇ, ಪ್ರಶ್ನೆ ಏನೆಂದು ತಿಳಿಯದೆ, ಎಲ್ಲದಕ್ಕೂ ಹೌದು ಎಂದು ಬರೆದುಕೊಟ್ಟಿದ್ದೆ. ಖಾಲಿ ಸ್ಟಾಂಪ್ ಪೇಪರಿಗೆ ಸಹಿ ಹಾಕಬಾರದೆಂದು ಮನೆಯಲ್ಲಿ ಹೇಳುತ್ತಾರೆ. ಆ ‘ವೈ’ ಅಂಥದೇ ಸಹಿ.

ಇನ್ನು ‘ಮಾರ್ಪಾಡಾಗಿದೆ’ ಎಂಬ ಸಾಲು ಕಂಡು ನಾನು ಹಿಗ್ಗಿದ್ದೇಕೆ? ಫೈಲ್ ಸಿಸ್ಟಮ್ ಸರಿಯಾದರೆ ಒಳಗಿನ ಮಾಹಿತಿಯೂ ಸರಿ ಎಂದು ನಂಬಿದ್ದೆ. ನನ್ನಂತೆ ನಂಬುವವರು ಬಹಳ ಮಂದಿ. ಇದನ್ನು ನಮ್ಮ ಗ್ರಂಥಾಲಯದ ಮೂಲಕ ಹೇಳುವುದು ಸುಲಭ. ಯಾವ ಪುಸ್ತಕ ಯಾವ ಕಪಾಟಿನ ಯಾವ ಸಾಲಿನಲ್ಲಿದೆ ಎಂದು ಹೇಳುವ ಕ್ಯಾಟಲಾಗ್ ಒಂದಿರುತ್ತದೆ. ಎಫ್‌ಎಸ್‌ಸಿಕೆ ತಾಳೆ ನೋಡುವುದು ಆ ಕ್ಯಾಟಲಾಗನ್ನು ಮಾತ್ರ. ಒಂದೇ ಜಾಗವನ್ನು ಎರಡು ಪುಸ್ತಕಕ್ಕೆ ಬರೆದಿದ್ದರೆ ತಿದ್ದುತ್ತದೆ. ಕಪಾಟಿನಲ್ಲಿ ಪುಸ್ತಕವಿದ್ದು ಅದರ ಕಾರ್ಡ್ ಕಳೆದಿದ್ದರೆ, ಆ ಪುಸ್ತಕವನ್ನು ‘ಲಾಸ್ಟ್ ಪ್ಲಸ್ ಫೌಂಡ್’ ಎಂಬ ಮೇಜಿನ ಮೇಲೆ ಹೆಸರಿಲ್ಲದೆ, ಬರೀ ಸಂಖ್ಯೆ ಅಂಟಿಸಿ ಇಡುತ್ತದೆ. ಪುಸ್ತಕದ ಒಳಗೆ 40ನೇ ಪುಟ ಹರಿದಿದೆಯೇ ಎಂದು ಅದು ತೆರೆದು ನೋಡುವುದಿಲ್ಲ. ನೋಡುವುದು ಅದರ ಕೆಲಸವೂ ಅಲ್ಲ. ಕ್ಯಾಟಲಾಗ್ ಅಚ್ಚುಕಟ್ಟಾಗಿ, ಪುಸ್ತಕಗಳು ಚಿಂದಿಯಾಗಿ ಇರಬಹುದು. ನಮ್ಮ ಸರ್ವರ್‌ನಲ್ಲಿ ಆದದ್ದು ಇದೇ.

ಪುಟಗಳ ಯೋಗಕ್ಷೇಮ ನೋಡುವುದು ಡೇಟಾಬೇಸ್‌ನ ಹೊಣೆ. ನಮ್ಮ ಅಬ್ಬಾ ಕಿರಾಣಿ ಅಂಗಡಿಯಲ್ಲಿ ಎರಡು ಪುಸ್ತಕ ಇಡುತ್ತಾರೆ. ವ್ಯಾಪಾರ ನಡೆದ ಕ್ಷಣವೇ ಕಿರ್ದಿಯಲ್ಲಿ ಒಂದು ಸಾಲು. ರಾತ್ರಿ ಕೂತು ಅದನ್ನು ಆಯಾ ಗಿರಾಕಿಯ ಖಾತೆಗೆ ಏರಿಸುವುದು. ನಡುವೆ ಕರೆಂಟ್ ಹೋದರೂ, ಯಾರಾದರೂ ಕರೆದರೂ ಚಿಂತೆಯಿಲ್ಲ. ಕಿರ್ದಿ ನೋಡಿ ಖಾತೆಯನ್ನು ಪೂರ್ತಿ ಮಾಡಬಹುದು. ಇಎಕ್ಸ್‌ಟಿ4 ಕೂಡ ಜರ್ನಲ್ ಎಂಬ ಕಿರ್ದಿ ಇಡುತ್ತದೆ, ಆದರೆ ಸಾಮಾನ್ಯವಾಗಿ ಅದರಲ್ಲಿ ಬರೆಯುವುದು ಕ್ಯಾಟಲಾಗಿನ ಬದಲಾವಣೆಗಳನ್ನು ಮಾತ್ರ. ಒಳಗಿನ ಮಾಹಿತಿಗಾಗಿ ಇನ್ನೋಡಿಬಿ ತನ್ನದೇ ಕಿರ್ದಿ ಇಡುತ್ತದೆ, ಅದರ ಹೆಸರು ರೀಡೂ ಲಾಗ್. 16 ಕೆಬಿಯ ಪ್ರತಿ ಪುಟಕ್ಕೂ ಒಂದು ಚೆಕ್‌ಸಮ್ ಬರೆದು, ಪುಟ ಕೆಟ್ಟರೆ ಕಂಡುಹಿಡಿಯುತ್ತದೆ. ಮೈಎಸ್‌ಕ್ಯೂಎಲ್ ಏಳಲು ಒಪ್ಪದಿದ್ದದ್ದು ಹಾಗೆ ಕಂಡುಹಿಡಿದದ್ದರಿಂದಲೇ. ಇದು ಯಂತ್ರ ನನಗೆ ಅಡ್ಡ ಹಿಡಿದ ಎರಡನೇ ಕೈ. 6 ಎಂದು ಹಾಕುವುದೆಂದರೆ ಕಿರ್ದಿಯನ್ನು ಓದಲೇಬೇಡ, ಖಾತೆ ಹೇಗಿದೆಯೋ ಹಾಗೇ ತೆರೆ ಎಂದು ಆಜ್ಞೆ ಕೊಡುವುದು. 4 ಮತ್ತು ಅದಕ್ಕಿಂತ ಮೇಲಿನ ಸಂಖ್ಯೆಗಳಿಂದ ಮಾಹಿತಿ ಶಾಶ್ವತವಾಗಿ ಕೆಡಬಹುದು ಎಂದು ಮೈಎಸ್‌ಕ್ಯೂಎಲ್ ಕೈಪಿಡಿಯಲ್ಲೇ ಎಚ್ಚರಿಕೆ ಇದೆ. 1ರಿಂದ ಆರಂಭಿಸಿ, ಆಗದಿದ್ದರೆ ಮಾತ್ರ ಒಂದೊಂದೇ ಮೆಟ್ಟಿಲು ಏರಬೇಕು, ಅದೂ ಪ್ರತಿಯ ಮೇಲೆ. ನಾನು ಮೂಲದ ಮೇಲೆಯೇ ಮೇಲಿನ ಮೆಟ್ಟಿಲಿಗೆ ಹಾರಿದೆ. ಓದಲಾಗದ ಪುಟಗಳನ್ನು ಬಿಟ್ಟು ಉಳಿದದ್ದು ಡಂಪ್‌ನಲ್ಲಿ ಬಂತು. ಬಿಟ್ಟುಹೋದದ್ದು ಏನೆಂದು ಯಾರೂ ನನಗೆ ಹೇಳಲಿಲ್ಲ, ನಾನೂ ಎಣಿಸಲಿಲ್ಲ.

‘ಬ್ಯಾಕಪ್ ಇರಲಿಲ್ಲವೇ?’ ಎಂದು ನೀವು ಕೇಳಬಹುದು. ಇತ್ತು! ಪ್ರತಿ ರಾತ್ರಿ ತಾನಾಗಿ ಡಂಪ್ ತೆಗೆಯುವ ವ್ಯವಸ್ಥೆ ಸೀನಿಯರ್‌ಗಳು ಮಾಡಿದ್ದರು. ತೆರೆದು ನೋಡಿದರೆ ಆಗಸ್ಟ್‌ನಿಂದ ಈಚಿನ ಫೈಲುಗಳೆಲ್ಲ ಸೊನ್ನೆ ಬೈಟ್. ಆಗಸ್ಟ್‌ನಲ್ಲಿ ನಾನು ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿದ್ದೆ, ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಬದಲಿಸಿರಲಿಲ್ಲ. ಅಷ್ಟೇ ಅಲ್ಲ, ಆ ಫೈಲುಗಳಿದ್ದದ್ದೂ ಅದೇ ಡಿಸ್ಕಿನಲ್ಲಿ. ಬೀಗದ ಕೈಯನ್ನು ಅದೇ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ.

ಇದು ನಮ್ಮಂಥ ಚಿಕ್ಕವರಿಗೆ ಮಾತ್ರ ಆಗುವ ಕಥೆಯಲ್ಲ. ಲಕ್ಷಾಂತರ ಪ್ರೋಗ್ರಾಮರ್‌ಗಳು ಬಳಸುವ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರಂದು ಎಂಜಿನಿಯರ್ ಒಬ್ಬರು ರಾತ್ರಿ ತೊಂದರೆಯೊಂದನ್ನು ಸರಿಪಡಿಸುತ್ತಿದ್ದರು. ಎರಡನೇ ಸರ್ವರ್‌ನಲ್ಲಿ ಅಳಿಸಬೇಕಿದ್ದ ಡೇಟಾಬೇಸ್ ಫೋಲ್ಡರನ್ನು ಮುಖ್ಯ ಸರ್ವರ್‌ನಲ್ಲಿ ಅಳಿಸಿಬಿಟ್ಟರು. ಸುಮಾರು 300 ಜಿಬಿ ಮಾಹಿತಿ. ಗಾಬರಿಯಿಂದ ಬ್ಯಾಕಪ್ ಹುಡುಕಿದರೆ ಅದನ್ನಿಡಬೇಕಿದ್ದ ಜಾಗ ಖಾಲಿ. ಡೇಟಾಬೇಸ್ 9.6ನೇ ಆವೃತ್ತಿಯದ್ದು, ಬ್ಯಾಕಪ್ ತೆಗೆಯುವ ಪ್ರೋಗ್ರಾಂ 9.2ನೇ ಆವೃತ್ತಿಯದ್ದಾಗಿ ಅದು ಪ್ರತಿ ಸಲವೂ ಸೋಲುತ್ತಿತ್ತು. ಸೋತೆ ಎಂದು ಅದು ಕಳಿಸುತ್ತಿದ್ದ ಇಮೇಲ್‌ಗಳು ತಲುಪುವ ಮೊದಲೇ ತಿರಸ್ಕೃತವಾಗುತ್ತಿದ್ದವು. ಸುಮಾರು ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಒಂದು ಪ್ರತಿ ಅದೃಷ್ಟಕ್ಕೆ ಉಳಿದಿತ್ತು. ಆ ಆರು ಗಂಟೆಗಳ ಮಾಹಿತಿ ಹೋಯಿತು. ಸುಮಾರು 5000 ಪ್ರಾಜೆಕ್ಟ್, 700 ಹೊಸ ಖಾತೆಗಳು. ನನಗೆ ಮುಖ್ಯವೆನಿಸಿದ್ದು ಅವರು ಆಮೇಲೆ ಮಾಡಿದ ಕೆಲಸ. ದುರಸ್ತಿಯನ್ನು ಎಲ್ಲರೂ ನೋಡುವಂತೆ ನೇರಪ್ರಸಾರ ಮಾಡಿದರು. ಏನೇನು ತಪ್ಪಾಯಿತೆಂದು ಒಂದೂ ಬಿಡದೆ ಬರೆದು ಪ್ರಕಟಿಸಿದರು. ದೋಷವನ್ನು ಒಬ್ಬ ನೌಕರನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲಿಲ್ಲ.

ಇನ್ನೊಂದು ಉದಾಹರಣೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನದು. ಬರೆದ ಮಾಹಿತಿ ನಿಜವಾಗಿ ಡಿಸ್ಕಿಗೆ ಸೇರಿತೇ ಎಂದು ಖಾತ್ರಿಪಡಿಸಿಕೊಳ್ಳಲು ಪ್ರೋಗ್ರಾಂಗಳು ಲಿನಕ್ಸ್ ಕರ್ನಲ್‌ಗೆ ‘ಎಫ್‌ಸಿಂಕ್’ ಎಂಬ ಕರೆ ಕೊಡುತ್ತವೆ. ಸೇರಲಿಲ್ಲ ಎಂಬ ಉತ್ತರ ಬಂದರೆ ಪೋಸ್ಟ್‌ಗ್ರೆಸ್ ಇನ್ನೊಮ್ಮೆ ಕೇಳುತ್ತಿತ್ತು, ಎರಡನೇ ಸಲ ಸರಿ ಎಂಬ ಉತ್ತರ ಬಂದರೆ ನಂಬಿ ಮುಂದೆ ಹೋಗುತ್ತಿತ್ತು. 2018ರಲ್ಲಿ ಬೆಳಕಿಗೆ ಬಂದ ಸಂಗತಿಯೇನೆಂದರೆ, ಮೊದಲ ಸಲ ಸೋತ ಮೇಲೆ ಕರ್ನಲ್ ಆ ಮಾಹಿತಿಯನ್ನು ಬರೆಯಬೇಕಾದವುಗಳ ಪಟ್ಟಿಯಿಂದಲೇ ಬಿಡಬಹುದು. ಹಾಗಾಗಿ ಎರಡನೇ ಸಲದ ‘ಸರಿ’ಗೆ ಅರ್ಥವೇ ಇರಲಿಲ್ಲ. 2019ರ ಫೆಬ್ರುವರಿಯಲ್ಲಿ ಪೋಸ್ಟ್‌ಗ್ರೆಸ್ ತನ್ನ ನಡವಳಿಕೆ ಬದಲಿಸಿತು. ಎಫ್‌ಸಿಂಕ್ ಒಮ್ಮೆ ಸೋತರೆ ಸಾಕು, ಕೆಲಸ ನಿಲ್ಲಿಸಿ ಬೀಳುತ್ತದೆ. ಮತ್ತೆ ಎದ್ದಾಗ ತನ್ನ ಕಿರ್ದಿಯನ್ನು ಓದಿಕೊಳ್ಳುತ್ತದೆ. ಗೊತ್ತಿಲ್ಲದೆ ನಡೆಯುವುದಕ್ಕಿಂತ ಎಲ್ಲರೆದುರು ನಿಲ್ಲುವುದೇ ಲೇಸೆಂದು ಅನುಭವಿ ಎಂಜಿನಿಯರ್‌ಗಳು ತೀರ್ಮಾನಿಸಿದರು. ಸಾಲು ಉದ್ದವಿದೆ ಎಂದು ಅವಸರ ಮಾಡಿದ ನನಗೆ ಈ ತೀರ್ಮಾನ ಬಹಳ ಹೇಳಿತು.

ಈಗ ಆ 34 ಮಂದಿಯ ವಿಷಯ. ಅಳಿಸಿಹೋದ ಹೆಸರುಗಳು ಯಾರವು ಎಂದು ಹೇಗೆ ತಿಳಿಯಿತು? ನಮ್ಮ ಪಠ್ಯದಲ್ಲಿರುವ ಜಾಯಿನ್‌ನಿಂದ. ಠೇವಣಿ ಟೇಬಲ್ ಕೆಟ್ಟಿತ್ತು, ಪುಸ್ತಕ ಪಡೆದವರ ಟೇಬಲ್ ಪೂರ್ತಿ ಇತ್ತು. ಪುಸ್ತಕ ಪಡೆದಿದ್ದಾರೆ, ಆದರೆ ಠೇವಣಿ ಸಾಲಿಲ್ಲ ಎನ್ನುವವರನ್ನು ಕೇಳಿದಾಗ 34 ಹೆಸರು ಬಂದವು. ಠೇವಣಿಯ ಸಾಲು ಇಲ್ಲದೆ ಪುಸ್ತಕ ಕೊಡಲು ನಮ್ಮ ಪ್ರೋಗ್ರಾಂ ಬಿಡುವುದೇ ಇಲ್ಲ. ಅಂದರೆ ಆ ವಿದ್ಯಾರ್ಥಿನಿಯ ಪರವಾದ ಸಾಕ್ಷಿ ನನ್ನ ಮುಂದಿನ ಕಂಪ್ಯೂಟರಿನಲ್ಲೇ ಇತ್ತು. ನಾನು ಅದನ್ನು ಹುಡುಕುವ ಬದಲು ಅವಳ ಹತ್ತಿರ ರಸೀದಿ ಕೇಳಿದ್ದೆ.

ಪಟ್ಟಿ ಹಿಡಿದು ಓಡಿ, ‘ಎಲ್ಲರನ್ನೂ ಅಸೆಂಬ್ಲಿಯಲ್ಲಿ ನಿಲ್ಲಿಸಿ ಎಷ್ಟು ಕಟ್ಟಿದ್ದರೆಂದು ಕೇಳಿಬಿಡೋಣ’ ಎಂದೆ. ಆಫೀಸಿನ ಮೇಡಂ ತಡೆದರು. ಆ 34ರಲ್ಲಿ ಠೇವಣಿಯಿಂದ ವಿನಾಯಿತಿ ಪಡೆದವರೂ ಇರಬಹುದು. ವಿನಾಯಿತಿಯೂ ಅದೇ ಟೇಬಲ್‌ನಲ್ಲಿ ಸೊನ್ನೆ ರೂಪಾಯಿ ಎಂದು ದಾಖಲಾಗಿತ್ತು. ‘ಎಲ್ಲರೆದುರು ನಿಂತು ನಾನು ಸೊನ್ನೆ ಕಟ್ಟಿದ್ದೆ ಅಂತ ಆ ಮಕ್ಕಳು ಹೇಳಬೇಕೇನಪ್ಪ?’ ಎಂದರು. ನನ್ನ ಬಾಯಿ ಕಟ್ಟಿತು. ಕೊನೆಗೆ ಒಬ್ಬೊಬ್ಬರನ್ನೇ ಆಫೀಸಿಗೆ ಕರೆದು, ಚೀಟಿಯಲ್ಲಿ ಬರೆಸಿಕೊಂಡು, ಬರೆದದ್ದನ್ನು ಹಾಗೆಯೇ ಒಪ್ಪುವುದೆಂದು ಪ್ರಿನ್ಸಿಪಾಲರು ತೀರ್ಮಾನಿಸಿದರು. ದಾಖಲೆ ಕಳೆದವರು ನಾವು, ಸಾಬೀತುಪಡಿಸುವ ಭಾರ ಅವರ ಮೇಲಿರಬಾರದು ಎಂಬುದು ಅವರ ಮಾತು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಬ್ಬಿಬ್ಬರು ಸುಳ್ಳು ಬರೆದರೆ ಎಂದು ಕೆಲವು ಗೆಳೆಯರು ಕೇಳಿದರು. ಬರೆದರೆ ಬುಕ್ ಬ್ಯಾಂಕಿಗೆ ಐನೂರೋ ಸಾವಿರವೋ ನಷ್ಟ. ನಿಜ ಹೇಳುವ ಒಬ್ಬರನ್ನು ಸುಳ್ಳುಗಾರರೆಂದರೆ ಆಗುವ ನಷ್ಟ ಅದಕ್ಕಿಂತ ದೊಡ್ಡದು.

ಇಲ್ಲಿ ನಮ್ಮ ಧರ್ಮ ಕಲಿಸಿದ ಒಂದು ಶಬ್ದ ನೆನಪಾಗುತ್ತದೆ: ಅಮಾನತ್. ಇನ್ನೊಬ್ಬರು ನಂಬಿ ನಮ್ಮ ಬಳಿ ಇಟ್ಟದ್ದು. ಹಣ ಮಾತ್ರ ಅಮಾನತ್ ಅಲ್ಲ, ಆ ಹಣದ ಬಗ್ಗೆ ಬರೆದ ಸಾಲೂ ಅಮಾನತ್. ಪವಿತ್ರ ಕುರ್‌ಆನ್‌ನ ಅತ್ಯಂತ ದೀರ್ಘ ವಚನ, ಅಲ್ ಬಕರ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆ. ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದಾದರೂ ಬರೆಯಲು ಬೇಸರಪಡಬಾರದು ಎಂಬುದು ಅದರ ಆಶಯ. ಡೇಟಾಬೇಸ್ ನೋಡಿಕೊಳ್ಳುವವನಿಗೆ ಇದಕ್ಕಿಂತ ಬೇರೆ ನಿಯಮ ಬೇಕಿಲ್ಲ. ನಾವು ನೋಟ್‌ಬುಕ್ ಬಿಟ್ಟು ಕಂಪ್ಯೂಟರ್ ಹಿಡಿದಾಗ ಬರೆಯುವುದನ್ನು ಉಳಿಸಿಕೊಂಡೆವು, ಸಾಕ್ಷಿಯನ್ನು ಬಿಟ್ಟೆವು.

ಘಟನೆಯ ನಂತರ ಸ್ಟಾಫ್ ರೂಮಿನಲ್ಲಿ ಎರಡು ಅಭಿಪ್ರಾಯ ಕೇಳಿಬಂದವು. ಎರಡಕ್ಕೂ ಗೌರವದಿಂದಲೇ ಉತ್ತರಿಸುತ್ತೇನೆ. ಮೊದಲನೆಯದು, ವಿದ್ಯಾರ್ಥಿಗಳ ಕೈಗೆ ಸರ್ವರ್ ಕೊಡಬಾರದು ಎಂಬುದು. ನನ್ನ ತಪ್ಪಿನಿಂದಲೇ ಈ ಮಾತು ಬಂದಿದೆ, ಆದ್ದರಿಂದ ಗಟ್ಟಿಯಾಗಿ ವಾದಿಸುವ ಹಕ್ಕು ನನಗೆ ಕಡಿಮೆ. ಆದರೂ ಹೇಳುತ್ತೇನೆ, ಕೈಗೆ ಕೊಡದಿದ್ದರೆ ನಾವು ಕಲಿಯುವುದು ಇನ್ಸರ್ಟ್, ಸೆಲೆಕ್ಟ್ ಬರೆಯುವುದನ್ನು ಮಾತ್ರ. ನಾಳೆ ಆಸ್ಪತ್ರೆಯ, ಬ್ಯಾಂಕಿನ ದಾಖಲೆ ನಮ್ಮ ಕೈಗೆ ಬಂದಾಗ ಮೊದಲ ತಪ್ಪನ್ನು ಅಲ್ಲಿ ಮಾಡುತ್ತೇವೆ. ಒಬ್ಬನ ಕೈಗೆ ಕೊಡಬೇಡಿ, ಇಬ್ಬರ ಕೈಗೆ ಕೊಡಿ. ಅಪಾಯದ ಆಜ್ಞೆ ಕೊಡುವ ಮೊದಲು ಒಬ್ಬ ಓದಿ ಹೇಳಲಿ, ಇನ್ನೊಬ್ಬ ಕೇಳಿ ಒಪ್ಪಲಿ. ಎರಡನೆಯದು, ಎಲ್ಲವನ್ನೂ ಕ್ಲೌಡ್‌ಗೆ ಹಾಕಿದರೆ ಈ ಗೋಳೇ ಇಲ್ಲ ಎಂಬುದು. ಡಿಸ್ಕ್ ಕೆಡುವ ಚಿಂತೆ ಅಷ್ಟಿಷ್ಟು ತಗ್ಗೀತು, ನಿಜ. ಆದರೆ ಸೊನ್ನೆ ಬೈಟಿನ ಬ್ಯಾಕಪ್ ಅಲ್ಲೂ ಸೊನ್ನೆ ಬೈಟೇ. ತೆರೆದು ನೋಡುವ ಮನುಷ್ಯ ಎಲ್ಲಿಯೂ ಬೇಕು.

ಆದ್ದರಿಂದ ನನ್ನ ಸಲಹೆಗಳು ಇಷ್ಟು.

ಒಂದು, ಸರ್ವರ್ ಮೇಲೆ ಒಂದು ರಟ್ಟು ಅಂಟಿಸೋಣ. ಮೊದಲು ಡೇಟಾಬೇಸ್ ನಿಲ್ಲಿಸು, ಏನನ್ನೂ ಬರೆಯಬೇಡ. ಲಾಗ್ ಓದು. ಜಾಗ ತುಂಬಿದೆಯೇ, ಐನೋಡ್ ಮುಗಿದಿದೆಯೇ ನೋಡು, ಏಕೆಂದರೆ ಎಷ್ಟೋ ಸಲ ರೋಗ ಅಷ್ಟೇ ಇರುತ್ತದೆ. ಸ್ಮಾರ್ಟ್ ವರದಿ ನೋಡು. ಡಿಸ್ಕ್ ಸಾಯುತ್ತಿದ್ದರೆ ಡಿಡಿರೆಸ್ಕ್ಯೂನಂಥ ಪ್ರೋಗ್ರಾಂನಿಂದ ಬೇರೆ ಡಿಸ್ಕಿಗೆ ಪ್ರತಿ ತೆಗೆ. ಅದು ಸುಲಭವಾಗಿ ಓದಲಾಗುವ ಭಾಗಗಳನ್ನು ಮೊದಲು ಉಳಿಸಿಕೊಂಡು, ಕಷ್ಟದ ಭಾಗಗಳಿಗೆ ಆಮೇಲೆ ಕೈಹಾಕುತ್ತದೆ. ಎಫ್‌ಎಸ್‌ಸಿಕೆಯನ್ನು ಮೊದಲು ‘ಎನ್’ ಸೇರಿಸಿ ಓಡಿಸು. ಆಗ ಅದು ಏನನ್ನೂ ಮುಟ್ಟದೆ, ಏನೇನು ತಪ್ಪಿದೆಯೆಂದು ಮಾತ್ರ ಹೇಳುತ್ತದೆ. ‘ವೈ’ ಎಲ್ಲಕ್ಕಿಂತ ಕೊನೆಗೆ, ಅದೂ ಪ್ರತಿಯ ಮೇಲೆ.

ಎರಡು, ಬ್ಯಾಕಪ್ ಇನ್ನೊಂದು ಕಟ್ಟಡದಲ್ಲಿರಲಿ. ತಿಂಗಳಿಗೊಮ್ಮೆ ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ಮರಳಿ ತೆರೆದು ಸಾಲುಗಳನ್ನು ಎಣಿಸೋಣ. ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಕರೆಯುವುದನ್ನೇ ಬಿಡೋಣ.

ಮೂರು, ಠೇವಣಿ ಕಟ್ಟಿದ ಪ್ರತಿಯೊಬ್ಬರಿಗೂ ರಸೀದಿ ಕೊಡೋಣ. ಎರಡನೇ ಸಾಕ್ಷಿ ಕಟ್ಟಿದವರ ಕೈಯಲ್ಲೇ ಇರಲಿ.

ನಾಲ್ಕು, ಆಡಳಿತ ಮಂಡಳಿಯವರಲ್ಲಿ ವಿನಂತಿ. ಹೊಸ ಡಿಸ್ಕ್ ಬಂದಿದೆ, ಕೃತಜ್ಞತೆಗಳು. ಯುಪಿಎಸ್‌ಗೆ ಬ್ಯಾಟರಿಯೊಂದು ಬಂದರೆ ಮುಂದಿನ ಮಳೆಗಾಲಕ್ಕೆ ನಮಗೆ ಧೈರ್ಯ.

ಐದು, ವರ್ಷದಲ್ಲಿ ಒಂದು ಲ್ಯಾಬ್ ಪೀರಿಯಡ್ ಕೆಡಿಸುವುದಕ್ಕೂ ಸರಿಪಡಿಸುವುದಕ್ಕೂ ಮೀಸಲಿಡೋಣ. ಲಿನಕ್ಸ್‌ನಲ್ಲಿ 100 ಎಂಬಿಯ ಒಂದು ಸಾಮಾನ್ಯ ಫೈಲನ್ನೇ ಡಿಸ್ಕಿನಂತೆ ಬಳಸಬಹುದು. ಅದರಲ್ಲಿ ಇಎಕ್ಸ್‌ಟಿ4 ಮಾಡಿ, ಒಂದಷ್ಟು ಫೈಲು ಹಾಕಿ, ಬೇಕೆಂದೇ ನಡುವೆ ಕೆಡಿಸಿ, ಎಫ್‌ಎಸ್‌ಸಿಕೆ ಏನು ಕೇಳುತ್ತದೆ ಎಂದು ಒಂದೊಂದೇ ಪ್ರಶ್ನೆ ಓದಬಹುದು. ಯಾರ ಠೇವಣಿಯೂ ಹೋಗುವುದಿಲ್ಲ. ಆ ಪ್ರಶ್ನೆಗಳನ್ನು ನಾನು ಮೊದಲ ಸಲ ಓದಿದ್ದು ಎಲ್ಲ ಮುಗಿದ ಮೇಲೆ. ನೀವು ಹಾಗೆ ಓದಬೇಕಾಗದಿರಲಿ.

ಟಿಸಿ ಕೇಳಿದ ಆ ವಿದ್ಯಾರ್ಥಿನಿಗೆ ಮರುದಿನವೇ 500 ರೂಪಾಯಿ ಕೊಟ್ಟು ಕ್ಷಮೆ ಕೇಳಿದೆ. ಅವಳು ಎಣಿಸದೆ ಬ್ಯಾಗಿಗೆ ಹಾಕಿಕೊಂಡಳು. ಎಣಿಸಿಕೊಳ್ಳಮ್ಮ ಎಂದೆ. ಎಣಿಸಿದಳು. ಹಳೆಯ ರಸೀದಿ ಪುಸ್ತಕ ಮತ್ತೆ ಹೊರತೆಗೆದಿದ್ದೇವೆ. ಆಫೀಸಿಗೆ ಬಂದು ಚೀಟಿ ಬರೆದುಕೊಟ್ಟಿರುವವರು ಸಂಜೆ ಮೂರೂವರೆಯಿಂದ ನಾಲ್ಕರೊಳಗೆ ಬುಕ್ ಬ್ಯಾಂಕಿಗೆ ಬಂದರೆ ನಿಮ್ಮ ರಸೀದಿ ಸಿಗುತ್ತದೆ, ಮೊತ್ತ ಬರೆದ ಕಡೆ ಮಡಚಿಯೇ ಕೊಡುತ್ತೇವೆ. ಬರುವ ಶನಿವಾರ ತರಗತಿ ಮುಗಿದ ಮೇಲೆ ಲ್ಯಾಬಿನಲ್ಲಿ ಮೊದಲ ಸಲ ಬ್ಯಾಕಪ್ ತೆರೆದು ಎಣಿಸುತ್ತೇವೆ. ಯಾರು ಬೇಕಾದರೂ ಬಂದು ನೋಡಬಹುದು. ಸಾಕ್ಷಿಗಳು ಹೆಚ್ಚಿದಷ್ಟೂ ಒಳ್ಳೆಯದು.